ಕೋಡಂಗಿಯ ಎಡಗಣ್ಣು

ನನ್ನಂಥ ಮಿಮಿಕ್ರಿ ಮಾಡುವವನ ಬಾಯಲ್ಲಿ ನಿಜವೂ ನಕಲಿನಂತೆ ಕೇಳುತ್ತದೆ. ಆದರೂ ನಡೆದದ್ದನ್ನೇ ಹೇಳುತ್ತೇನೆ.

ತೀರಿಕೊಂಡ ಸೋದರಮಾವನ ಅಂಗಡಿಯ ಪಿನ್‌ಬಾಲ್ ಆಟದ ಯಂತ್ರದಲ್ಲಿ, ನಾವು ಬಾಲ್ಯವಿಡೀ ಉರುಳಿಸಿದ ಉಕ್ಕಿನ ಗುಂಡು ಉಜ್ಜಿ ಉಜ್ಜಿ, ಹಲಗೆಯ ಮೇಲೆ ಬರೆದಿದ್ದ ಕೋಡಂಗಿಯ ಎಡಗಣ್ಣು ಮರ ಕಾಣುವಷ್ಟು ಸವೆದಿತ್ತು. ಆ ಮುಖವನ್ನು ಮೊದಲಿನಂತೆ ನೋಡಬೇಕೆಂದು ಅತ್ತೆಗೆ ಆಸೆ. ಬಲಗಣ್ಣು ನೋಡಿಕೊಂಡು ನೀಲಿ ಎಡಗಣ್ಣು ಬರೆದು, ಮೇಲೆ ವಾರ್ನಿಷ್ ಬಳಿದು ಮನೆಗೆ ಹೋದೆ.

ಮರುದಿನ ವಾರ್ನಿಷ್ ಗಾಜಿನಂತೆ ನುಣುಪಾಗಿತ್ತು. ಅದರಡಿಯ ಕಣ್ಣು ಮಾತ್ರ ಸವೆದುಹೋಗಿತ್ತು. ಅಷ್ಟು ಜಾಗ ಬೆಚ್ಚಗಿತ್ತು, ಯಾರೋ ಈಗಷ್ಟೇ ಅಂಗೈ ತೆಗೆದಂತೆ.

"ಅಯ್ಯೋ ಪೆದ್ದ, ತೆರೆದ ಕಣ್ಣು ಬರೆದ್ಯಾ?" ಎಂದರು ಅತ್ತೆ. "ಅದು ಕಣ್ಣು ಹೊಡೀತಿತ್ತು ಕಣೋ! ಹಿಂದೆ ಬಣ್ಣ ಹೋದಾಗ ನಿಮ್ಮ ಮಾವನೇ ನನ್ನ ರೇಗಿಸೋಕೆ ಹಾಗೆ ಬರೆದಿದ್ರು. ಅದಿರಲಿ, ನಿನ್ನೆ ಸಂಜೆ ಇಲ್ಲಿ ಥೇಟ್ ಅವರ ಥರಾನೇ ನಗ್ತಿದ್ದೆಯಲ್ಲ, ನಾನೇ ಮೋಸ ಹೋದೆ!"

ಆ ನಗು ನನ್ನದಲ್ಲ; ಸಂಜೆಗೆ ಮೊದಲೇ ನಾನು ಮನೆಗೆ ಹೋಗಿದ್ದೆ.

ಮುಚ್ಚಿದ ಕಣ್ಣು ಬರೆದೆ, ಅದು ಉಳಿಯಿತು. ಅತ್ತೆ ನೋಡಿ ಹುಡುಗಿಯಂತೆ ನಾಚಿದರು. ಒಂದಾಟ ಆಡೋಣವೆಂದು, ಕೆಲಸಕ್ಕೆ ಮೊದಲೇ ಅತ್ತೆಯ ಹೊಲಿಗೆ ಡಬ್ಬಿಯಲ್ಲಿಟ್ಟಿದ್ದ ಗುಂಡನ್ನು ಹೊರತೆಗೆದೆ. ಅದಕ್ಕೆ ಅಂಟಿದ್ದ ನೀಲಿ ಬಣ್ಣ ಇನ್ನೂ ಹಸಿಯಾಗಿತ್ತು.