ಪಡುಕಿಟಕಿಯ ನೀಲಿ ಬೆಳಕು

"ಅದು ಪಾಚಿಯಲ್ಲ, ಯಾರದೋ ಕೂದಲು" ಎಂದಳು ಹಿಬಾ.

ಚೈತಾಲಿ ಅಕ್ವೇರಿಯಂಗೆ ಮೂಗು ತಾಗಿಸಿ ನೋಡಿದಳು. ಗಾಜೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಒಳಗಿನ ಕಲ್ಲಿನಿಂದ ಹಸಿರು ಎಳೆಗಳು ಎದ್ದು ಮೆಲ್ಲಗೆ ಅತ್ತಿತ್ತ ಆಡುತ್ತಿದ್ದವು. ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನುಗಳು ಅದರ ಹಿಂದೆಲ್ಲೋ ಇದ್ದವು. ಒಮ್ಮೆ ಒಂದು ಕಣ್ಣು ಮಾತ್ರ ಕಾಣಿಸಿ ಮಾಯವಾಯಿತು.

ಹಿಬಾ ಪಕ್ಕದ ಮನೆಯವಳು, ಚೈತಾಲಿಯದೇ ಕ್ಲಾಸಿನವಳು. ಹೆದರಿಸುವುದರಲ್ಲಿ ಅವಳದು ಎತ್ತಿದ ಕೈ. ಹೆದರಿಸಿ ತಾನೇ ಮೊದಲು ಓಡುವುದರಲ್ಲೂ ಅಷ್ಟೇ. ಆ ಕಣ್ಣು ಕಂಡದ್ದೇ ತಡ, ಹೋಂವರ್ಕ್ ಉಂಟು ಎಂದು ಕಾಲಿಗೆ ಬುದ್ಧಿ ಹೇಳಿದಳು.

ಚೈತಾಲಿಯ ಪಪ್ಪ ರಿತೇಶ್ ಹಡಗಿನಲ್ಲಿ ಕೆಲಸ ಮಾಡುವವರು. ಈ ಸಲ ರಜೆಗೆ ಬಂದಾಗ ಮಣಿಪಾಲದ ಅಂಗಡಿಯಿಂದ ಉಪ್ಪುನೀರಿನ ಈ ಅಕ್ವೇರಿಯಂ ತಂದು, ಕಾಪುವಿನ ಮನೆಯ ಚಾವಡಿಯಲ್ಲಿ, ಕಡಲಿಗೆ ಮುಖ ಮಾಡಿದ ಪಡುಕಿಟಕಿಯ ಬಳಿ ಇಟ್ಟಿದ್ದರು. ಅಲ್ಲಿದ್ದ ಹಳೆಯ ಟೇಬಲ್ ಲ್ಯಾಂಪ್ ಕೆಟ್ಟುಹೋಗುವಂತಿದೆ ಎಂದು ಅಟ್ಟ ಸೇರಿತು. ಹಡಗಿಗೆ ಹೊರಡುವಾಗ ಪಪ್ಪ ಒಂದೇ ಮಾತು ಹೇಳಿದ್ದರು: ರಾತ್ರಿ ಊಟವಾದ ಮೇಲೆ ಅಕ್ವೇರಿಯಂ ಲೈಟ್ ಆಫ್ ಮಾಡಬೇಕು, ಬೆಳಕು ಹೆಚ್ಚಾದರೆ ಪಾಚಿ ಬೆಳೆಯುತ್ತದೆ.

ಚೈತಾಲಿ ತಪ್ಪದೆ ಆಫ್ ಮಾಡುತ್ತಿದ್ದಳು. ಆದರೆ ಬೆಳಿಗ್ಗೆ ಎದ್ದು ಬಂದರೆ ಲೈಟ್ ಉರಿಯುತ್ತಲೇ ಇರುತ್ತಿತ್ತು. ಚಾವಡಿಯೆಲ್ಲ ನೀಲಿ. ಗೋಡೆಯ ಮೇಲೆ ದೇವದಾಸ ಅಜ್ಜನ ಫೋಟೋವೂ ನೀಲಿ. ಅಜ್ಜ ನೀರಿನೊಳಗಿಂದ ನೋಡುತ್ತಿರುವಂತೆ ಕಾಣುತ್ತಿತ್ತು.

ಅಮ್ಮ ನಂಬಲಿಲ್ಲ. ಮರೆತು ಮಲಗಿ ಆಮೇಲೆ ಕತೆ ಕಟ್ಟುತ್ತೀಯಾ ಎಂದು ಗದರಿದರು. ಭಾನುವಾರದೊಳಗೆ ಇದು ಸರಿಯಾಗದಿದ್ದರೆ ಮೀನುಗಳನ್ನು ಅಂಗಡಿಗೆ ವಾಪಸ್ ಕೊಡುತ್ತೇನೆ, ಕಣ್ಣೆದುರು ಸಾಯುವುದನ್ನು ನೋಡಲಾರೆ ಎಂದರು. ಚೈತಾಲಿಗೆ ಅಳು ಬಂತು. ಮೀನು ಹೋಗುತ್ತದೆಂಬ ದುಃಖ ಒಂದು ಪಾಲಾದರೆ, ತನ್ನನ್ನು ಸುಳ್ಳುಗಾರ್ತಿ ಮಾಡಿದ ದುಃಖ ಎರಡು ಪಾಲು.

ಆ ದಿನ ಅವಳು ಸ್ವಿಚ್ ಆಫ್ ಮಾಡಿ ಅದರ ಮೇಲೆ ಟೇಪ್ ಅಂಟಿಸಿ ಮಲಗಿದಳು. ಬೆಳಿಗ್ಗೆ ಲೈಟ್ ಉರಿಯುತ್ತಿತ್ತು. ಟೇಪ್ ಹರಿದಿರಲಿಲ್ಲ, ಅದನ್ನು ಯಾರೋ ಜೋಪಾನವಾಗಿ ಬಿಡಿಸಿ ಪಕ್ಕದ ಗೋಡೆಗೆ ಅಂಟಿಸಿದ್ದರು. ಸ್ವಿಚ್ಚಿನ ಮೇಲೆ ಒಂದು ಬೆಳ್ಳಗಿನ ಬೆರಳಚ್ಚು ಇತ್ತು. ಫೋಟೋದ ಕಡೆ ತಿರುಗುವ ಧೈರ್ಯ ಅವಳಿಗೆ ಬರಲಿಲ್ಲ.

ಸ್ಕೂಲಿನಲ್ಲಿ ಇಡೀ ದಿನ ಆ ಬೆರಳಚ್ಚೇ ಕಣ್ಣಿಗೆ ಕಟ್ಟಿತ್ತು. ದೆವ್ವಗಳಿಗೆ ಬೆರಳಚ್ಚು ಇರುವುದಿಲ್ಲ ಎಂದು ಹಿಬಾ ಸಮಾಧಾನ ಹೇಳಿದಳು. ಅದು ಅವಳಿಗೆ ಹೇಗೆ ಗೊತ್ತೆಂದು ಮಾತ್ರ ಕೇಳಬಾರದು.

ಸಂಜೆ ಮನೆಗೆ ಬಂದಾಗ ಪಪ್ಪನ ಅಮ್ಮ, ಅಪ್ಪಿ ಅಜ್ಜಿ, ಜಗಲಿಯಲ್ಲಿ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರ ಬೆರಳ ತುದಿ ಬೆಳ್ಳಗಿತ್ತು. ಚೈತಾಲಿ ಬ್ಯಾಗ್ ಇಳಿಸದೆ ಅಲ್ಲೇ ನಿಂತಳು.

"ಅಜ್ಜಿ, ಲೈಟ್ ಹಾಕುವುದು ನೀವಾ?"

"ಹೌದು ಮಗಾ. ಮನೆಯವರು ನೀರಿನ ಮೇಲೆ ಇರುವಾಗ ಪಡುಕಿಟಕಿ ಕತ್ತಲೆ ಇರಬಾರದು. ಅಲ್ಲಿದ್ದ ಲ್ಯಾಂಪನ್ನು ನಿನ್ನ ಪಪ್ಪ ತೆಗೆದ. ಮತ್ತೆ ನಾನು ಎಂತ ಮಾಡುವುದು?"

"ಲೈಟ್‌ಹೌಸ್ ಉಂಟಲ್ಲ ಅಜ್ಜಿ?"

"ಅದು ಎಲ್ಲರದ್ದು. ಇದು ನಮ್ಮ ಮನೆಯದ್ದು." ಅಜ್ಜಿ ಕಡಲಿನ ಕಡೆ ನೋಡಿದರು. "ನಿನ್ನ ಅಜ್ಜ ದೋಣಿಯಲ್ಲಿ ಹೋದ ದಿನ ಕರೆಂಟ್ ಇರಲಿಲ್ಲ. ಮನೆಯಲ್ಲಿ ಚಿಮಿಣಿ ಎಣ್ಣೆಯೂ ಮುಗಿದಿತ್ತು."

ಮಡಚಿದ ಎಲೆ ಅವರ ಕೈಯಲ್ಲೇ ಉಳಿಯಿತು. ಅಜ್ಜ ತಿರುಗಿ ಬರಲಿಲ್ಲ ಎಂಬುದು ಚೈತಾಲಿಗೆ ಗೊತ್ತಿತ್ತು. ಕಿಟಕಿಯ ವಿಷಯ ಗೊತ್ತಿರಲಿಲ್ಲ. ಅಜ್ಜಿಯೊಡನೆ ಆಡಬೇಕೆಂದು ನಾಲಿಗೆಯ ತುದಿಗೆ ಬಂದಿದ್ದ ಜಗಳವನ್ನು ಅವಳು ನುಂಗಿಕೊಂಡಳು.

ಅಟ್ಟದ ಲ್ಯಾಂಪನ್ನು ಇಳಿಸಬಹುದಿತ್ತು. ಅದರ ಬದಲು ಅವಳು ತನ್ನ ಓದುವ ಮೇಜಿನಿಂದ ಚಾರ್ಜಿಂಗ್ ಲೈಟ್ ತಂದು ಕಿಟಕಿಯ ಅಂಚಿನಲ್ಲಿಟ್ಟಳು. ಅದರ ಬೆನ್ನು ಮೀನಿನ ಕಡೆಗೆ, ಮುಖ ಕಡಲಿನ ಕಡೆಗೆ. ಮೀನುಗಳಿಗೆ ರಾತ್ರಿ ಕತ್ತಲೆ ಬೇಕೆಂದು ಅಜ್ಜಿಗೆ ವಿವರಿಸಿದಾಗ, ಅವಕ್ಕೂ ನಿದ್ದೆ ಬೇಡವೇ ಎಂದು ಅವರೇ ಒಪ್ಪಿಕೊಂಡರು.

ವಿಷಯ ತಿಳಿದ ಅಮ್ಮ ತಪ್ಪಾಯಿತು ಎಂದು ಹೇಳಲಿಲ್ಲ. ದೊಡ್ಡವರು ಹಾಗೆ ಹೇಳುವುದು ಕಡಿಮೆ. ಚೈತಾಲಿಯ ತಟ್ಟೆಗೆ ಇನ್ನೊಂದು ನೀರುದೋಸೆ ಹಾಕಿದರು. ಭಾನುವಾರ ಅಂಗಡಿಗೆ ಹೋಗುವ ಬದಲು ಇಬ್ಬರೂ ಸೇರಿ ಗಾಜು ಉಜ್ಜಿದರು, ಕೂದಲಿನಂತಹ ಎಳೆಗಳನ್ನು ಕಿತ್ತರು. ಪಾಚಿ ಒಮ್ಮೆಲೇ ಹೋಗಲಿಲ್ಲ. ಆದರೆ ಮತ್ತೆ ಅಷ್ಟು ಬೆಳೆಯಲೂ ಇಲ್ಲ, ಮೀನುಗಳು ಮುಂದೆ ಬಂದು ಈಜತೊಡಗಿದವು.

ಒಂದು ಸಂಜೆ ಜೋರು ಗಾಳಿ ಬೀಸಿ ಊರಿಡೀ ಕರೆಂಟ್ ಹೋಯಿತು. ಅಕ್ವೇರಿಯಂ ಕಪ್ಪಾಯಿತು, ಅದರ ಗುಳುಗುಳು ಸದ್ದು ನಿಂತಿತು. ಕತ್ತಲೆಯಲ್ಲಿ ಅಜ್ಜಿ ಗಡಬಡಿಸಿ ಎದ್ದ ಸದ್ದು ಕೇಳಿತು.

"ಕಿಟಕಿ, ಮಗಾ..."

ಚೈತಾಲಿ ಹೋಗಿ ಅವರ ಕೈ ಹಿಡಿದಳು. ಮೆಲ್ಲಗೆ ಕಿಟಕಿಯ ಬಳಿಗೆ ಕರೆತಂದಳು.

"ಉರಿಯುತ್ತಾ ಉಂಟು ಅಜ್ಜಿ. ನೋಡಿ."

ಪಡುಕಿಟಕಿಯಲ್ಲಿ ಪುಟ್ಟ ಬೆಳಕು ಕಡಲನ್ನು ನೋಡುತ್ತಿತ್ತು. ಅದರ ಒಂದಿಷ್ಟು ಗೋಡೆಯವರೆಗೂ ಬಂದು ಅಜ್ಜನ ಮುಖದ ಮೇಲೆ ಬಿದ್ದಿತ್ತು. ಈ ಸಲ ಚೈತಾಲಿ ಕಣ್ಣು ತಪ್ಪಿಸಲಿಲ್ಲ. ಕರೆಂಟ್ ಬರುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು.