ಯಂತ್ರ ಸರಿಯಾಗಿಯೇ ಇತ್ತು

"ಯಂತ್ರ ಸರಿಯಾಗೇ ಇದೆ. ನಿಮ್ಮ ಕೈಯಲ್ಲೇ ಬಲ ಇಲ್ಲ."

ಹೊಸದಾಗಿ ಬಂದ ಫಿಸಿಯೋಥೆರಪಿಸ್ಟ್ ಎಲ್ಲರೆದುರಿಗೇ ಹೀಗೆಂದಾಗ ಅವಳ ಮೈಯೆಲ್ಲ ಉರಿದುಹೋಯಿತು. ಪರಿಚಯವಾಗಿ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ!

ಆ ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ವಯಸ್ಸಾದವರ ಮುಷ್ಟಿಯ ಬಲ ಅಳೆಯುವ ಯಂತ್ರವನ್ನು ಬೆಳಗ್ಗೆ ಮೊದಲು ಅಲ್ಲಿಯವರೇ ಹಿಂಡಿ ನೋಡಬೇಕು. ಎಂದಿನ ಅಂಕಿ ಬಂದರೆ ಯಂತ್ರ ಸರಿಯಿದೆ ಎಂದರ್ಥ. ಹಿಂಡುವವಳು ಅವಳೇ. ಅಂಕಿ ಕೆಲವು ವಾರಗಳಿಂದ ಇಳಿಯುತ್ತಲೇ ಇತ್ತು. ಪಾಪದ ಯಂತ್ರವನ್ನು ಅವಳು ಮತ್ತೆ ಮತ್ತೆ ರಿಪೇರಿಗೆ ಕಳಿಸಿದ್ದಳು. ತನ್ನ ಕೈಯನ್ನೇ ಅನುಮಾನಿಸಬೇಕೆಂದು ಹೊಳೆದಿರಲಿಲ್ಲ.

ಹೊಳೆಯುವುದಾದರೂ ಹೇಗೆ? ದಿನವೆಲ್ಲ ಬೇರೆಯವರ ಬಲದ್ದೇ ಚಿಂತೆ. ಮುಪ್ಪಿನಲ್ಲಿ ಸ್ನಾಯು ಕರಗುವ ಮುನ್ನವೇ ರಕ್ತದಲ್ಲಿ ಅದರ ಸುಳಿವು ಸಿಗುತ್ತದೆಯೇ ಎಂದು ಹುಡುಕುವುದು ಅವಳ ಕೆಲಸ. ಮನೆಗೆ ಹೋದರೆ ಹಾಸಿಗೆ ಹಿಡಿದ ಅಮ್ಮ. ಎತ್ತಿ ಕೂರಿಸಬೇಕು, ಸ್ನಾನ ಮಾಡಿಸಬೇಕು, ತಿನ್ನಿಸಬೇಕು. ಅಷ್ಟರಲ್ಲಿ ಇವಳ ಹಸಿವೇ ಸತ್ತುಹೋಗಿರುತ್ತಿತ್ತು.

ಅಂದಿನಿಂದ ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಅವನೋ, ಎದುರಾದಾಗಲೆಲ್ಲ ಅವಳ ಕೈಯಿಂದ ಟ್ರೇ ಇಸಿದುಕೊಳ್ಳುತ್ತಿದ್ದ.

'ನನ್ನನ್ನೂ ಮುದುಕಿ ಅಂದ್ಕೊಂಡಿದ್ದಾನಾ...?'

ಒಂದು ಮಧ್ಯಾಹ್ನ ವಿಭಾಗದ ಮೇಡಂ ಅವಳನ್ನು ಕರೆದು, ಸ್ವಲ್ಪ ಕಾಲ ಅರ್ಧ ದಿನ ಬಂದರೆ ಸಾಕು, ಫಿಸಿಯೋ ಹಾಗೆ ಕೇಳಿಕೊಂಡಿದ್ದಾರೆ ಎಂದರು. ಅವಳಿಗೆ ನೆಲವೇ ಕುಸಿದಂತಾಯಿತು. ತನ್ನದೆಂದು ಉಳಿದಿದ್ದು ಈ ಕೆಲಸವೊಂದೇ. ಅದನ್ನೂ ಕಿತ್ತುಕೊಳ್ಳಲು ಇವನ್ಯಾರು?

ಊಟದ ಡಬ್ಬಿ ಹಿಡಿದುಕೊಂಡೇ ವ್ಯಾಯಾಮದ ಕೋಣೆಗೆ ನುಗ್ಗಿದಳು. ಜಗಳಕ್ಕೆಂದೇ ಹೋದವಳು, ನಿಲ್ಲಲಾಗದೆ ಸಿಕ್ಕ ಕುರ್ಚಿಯಲ್ಲಿ ಕುಸಿದಳು.

"ಒಂದು ಅಂಕಿ ನೋಡಿ ನನ್ನ ಕೆಲಸಕ್ಕೇ ಕಲ್ಲು ಹಾಕ್ತೀರಾ?"

"ರಕ್ತದಲ್ಲಿ ಸಿಗೋ ಒಂದೇ ಗುರುತು ನಂಬಬಾರದು, ನಾಲ್ಕಾರು ಸೇರಿಸಿ ನೋಡ್ಬೇಕು ಅಂತ ಈಗ ಎಲ್ಲಾ ಕಡೆ ಹೇಳ್ತಿರೋದು ನಿಮ್ಮ ರಕ್ತಪರೀಕ್ಷೆಯವರೇ ಅಲ್ವಾ?" ಅವನು ನಗಲಿಲ್ಲ. "ಮೆಟ್ಟಿಲ ಮಧ್ಯೆ ನಿಂತುಬಿಡ್ತೀರಿ. ವಾಚು ಮೊಣಕೈವರೆಗೂ ಜಾರುತ್ತೆ. ಡಬ್ಬಿ ಹಾಗೇ ಮನೆಗೆ ವಾಪಸ್ ಹೋಗುತ್ತೆ. ಹಾಸಿಗೆ ಹಿಡಿದ ಅಮ್ಮನ್ನ ನೋಡ್ಕೊಳ್ಳೋದೂ ನೀವೊಬ್ಬರೇ ಅಂತ ಮೇಡಂ ಹೇಳಿದ್ರು. ಎಲ್ಲಾ ಸೇರಿಸಿಯೇ ನೋಡ್ದೆ."

'ನನ್ನನ್ನು ಯಾರಾದರೂ ಹೀಗೆ ನೋಡಿ ಎಷ್ಟು ಕಾಲವಾಯಿತು...' ಅವಳು ಜಾರಿದ್ದ ವಾಚನ್ನು ಮಣಿಕಟ್ಟಿಗೆ ಎಳೆದುಕೊಂಡಳು.

ತಾತನನ್ನು ಎತ್ತಿ ಇಳಿಸಿಯೇ ತನ್ನ ತಾಯಿ ಸೊರಗಿಹೋದರೆಂದೂ, ಮನೆಯಲ್ಲಿ ಯಾರ ಕಣ್ಣಿಗೂ ಅದು ಬೀಳಲಿಲ್ಲವೆಂದೂ ಅವನು ತಡೆತಡೆದು ಹೇಳಿದ.

"ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ?"

"ಕೇಳ್ಬೇಕಿತ್ತು. ತಪ್ಪಾಯ್ತು. ನಿಮ್ಮೆದುರು ಬಾಯಿ ಬಿಟ್ರೆ ಬರೀ ಎಡವಟ್ಟೇ ಆಗುತ್ತೆ. ನೀವಂದ್ರೆ ಇಷ್ಟ ಅನ್ನೋದನ್ನೂ ಹೇಳಿರಲಿಲ್ಲ ನೋಡಿ." ಅವನು ತಲೆ ತಗ್ಗಿಸಿದ. "ಅರ್ಧ ದಿನ ಬೇಡ ಅಂದ್ರೆ ಬೇಡ, ಮೇಡಂಗೆ ನಾನೇ ಹೇಳ್ತೀನಿ. ಬೆಳಗ್ಗೆ ನಿಮ್ಮ ಅಮ್ಮನ್ನ ನಾನು ಎತ್ತಿ ಕೂರಿಸ್ತೀನಿ. ಅಷ್ಟು ಹೊತ್ತು ನೀವು ಕೂತು ತಿಂಡಿ ತಿನ್ನಿ."

ಅವಳು ಕಣ್ಣೊರೆಸಿಕೊಂಡು ಡಬ್ಬಿಯ ಮುಚ್ಚಳ ತಿರುಗಿಸಿದಳು. ಎಂದಿನಂತೆ ಅದು ಜಗ್ಗಲಿಲ್ಲ. ಬೇರೆ ಯಾರಾದರೂ ಎದುರಿದ್ದರೆ, ಹಸಿವಿಲ್ಲ ಎಂದು ಚೀಲಕ್ಕೆ ಹಾಕಿಕೊಂಡುಬಿಡುತ್ತಿದ್ದಳು. ಇವತ್ತು ಅದನ್ನು ಅವನ ಮುಂದೆ ಚಾಚಿದಳು.

"ತೆಗೆದುಕೊಡಿ. ನನ್ನ ಕೈಯಲ್ಲಿ ಆಗ್ತಿಲ್ಲ."

ಅವನು ಮುಚ್ಚಳ ತೆಗೆದು ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟ. ಅವಳು ನಿಧಾನವಾಗಿ ಒಂದು ತುತ್ತು ತಿಂದಳು.

"ಎಷ್ಟು ದಿನ ಅಂತ ಬರ್ತೀರಿ ನೀವು?"

"ನೀವು ಸಾಕು ಅನ್ನೋವರೆಗೂ."

"ನಾನು ಅನ್ನಲ್ಲ."