ಐದು ಸ್ಪೀಕರ್, ಒಂದು ಕಿವಿ

"ಒಂದ ಕಿವಿಗೆ ಐದು ಸ್ಪೀಕರ್ ಯಾಕವ್ವಾ ತಂಗಿ? ತೆಲಿ ಕೆಟ್ಟೈತೇನು?"

ಟಿವಿ ಅಂಗಡಿಯಲ್ಲಿದ್ದ ಅಷ್ಟೂ ಗಿರಾಕಿಗಳಿಗೆ ಕೇಳುವಂತೆ ಅಂದು ನಕ್ಕವನು ಬೇರೆ ಯಾರೂ ಅಲ್ಲ, ಅಲಕಾಳ ಸ್ವಂತ ಅಣ್ಣ ಶಶಿಧರ. ಪಕ್ಕದಲ್ಲಿದ್ದ ಅವನ ಹೆಂಡತಿ, ವೈನಿ ಸಾಕ್ಷಿ, ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಲಕಾಳಿಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿದುಹೋಯಿತು.

ಆರನೆಯ ವಯಸ್ಸಿನಲ್ಲಿ ಮಂಗನಬಾವು ಬಂದು ಹೋಗುವಾಗ ಅವಳ ಎಡಗಿವಿಯನ್ನೂ ಕರೆದುಕೊಂಡು ಹೋಗಿತ್ತು. ಸಾಲಿಯಲ್ಲಿ ಒಂದು ಮಾತು ಕೇಳಿಸದೆ "ಏನು?" ಅಂದರೆ ಸಾಕು, ಹುಡುಗರೆಲ್ಲ "ಏನೂ... ಏನೂ..." ಅಂತ ಕುಣಿಯುತ್ತಿದ್ದರು. ಅಂದಿನಿಂದ ಹುಡುಗಿ ಆ ಶಬ್ದವನ್ನೇ ಬಿಟ್ಟಳು. ಕೇಳಿಸದ ಮಾತಿಗೆಲ್ಲ ಸುಮ್ಮನೆ "ಹ್ಞೂಂ" ಅಂದುಬಿಡುವುದು! ಆ ಹ್ಞೂಂ ದೆಸೆಯಿಂದ ಎಷ್ಟು ಬೇಡದ ಹೋಳಿಗೆ ತಿಂದಿದ್ದಾಳೋ! ಒಮ್ಮೆಯಂತೂ ಯಾರದೋ ಮದುವೆಯಲ್ಲಿ ಹಾಡುವುದಕ್ಕೂ ಒಪ್ಪಿಕೊಂಡು ಫಜೀತಿಪಟ್ಟಿದ್ದಳು. ಆದರೂ "ಈ ಕಿವಿ ಕೇಳುವುದಿಲ್ಲ" ಎಂದು ತಾನಾಗಿ ಯಾರ ಮುಂದೆಯೂ ಬಾಯಿಬಿಟ್ಟವಳಲ್ಲ.

"ಎರಡು ಕಿವಿ ಇದ್ದವ್ರಿಗೆ ಟಿವಿ ಸಾಕು ಅಣ್ಣಾ," ಎಂದಳು ಗಲ್ಲ ಎತ್ತಿ. "ನನಗ ಇರೂದು ಒಂದ. ಅದಕ್ಕ ಎಲ್ಲಾ ಕಡಿಂದ ಬರಬೇಕು. ಐದ ಬೇಕು!"

ಕೌಂಟರಿನ ಹಿಂದೆ ನಿಂತಿದ್ದ ಹುಡುಗ ಫಕ್ಕನೆ ನಕ್ಕ. ಅವಳು ಗುರ್ರೆಂದು ಅವನತ್ತ ತಿರುಗಿದಳು. ಆದರೆ ಅವನು ನೋಡುತ್ತಿದ್ದದ್ದು ಅಣ್ಣನನ್ನು.

"ಸಾಹೇಬ್ರ, ನನಗ ಎರಡೂ ಕಿವಿ ಅಗದಿ ಛಲೋ ಅದಾವ. ಆದ್ರೂ ನಮ್ಮವ್ವ ದಿನಾ ಅಂತಾಳ, ಈ ಮಾರ್ತಾಂಡಗ ಒಂದ ಮಾತೂ ಕೇಳಂಗಿಲ್ಲ ಅಂತ. ಕಿವಿ ಲೆಕ್ಕ ಬಿಡ್ರಿ."

ಶಶಿಧರನ ಮುಖ ಹುಳ್ಳಗಾಯಿತು. ಆ ಸಿಟ್ಟನ್ನು ತಂಗಿಯ ಮೇಲೆ ತಿರುಗಿಸಿದ.

"ತಗೋ, ತಗೋ! ಆದ್ರ ನೀನ ಹಚ್ಚಬೇಕು. ಒಂದು ಬಲ್ಬ್ ಬದಲಿ ಮಾಡಿದಾಕಿ ಅಲ್ಲ ನೀ. ರವಿವಾರ ನಾವು ಬರ್ತೇವಿ. ಶುರು ಆಗ್ಲಿಲ್ಲಂದ್ರ ಆ ಬಾಡಿಗಿ ಮನಿ ಬಿಟ್ಟು ಸುಮ್ನ ಊರಿಗೆ, ಖಾನಾಪುರಕ್ಕ ನಡಿ. ಒಬ್ಬಾಕಿನ ಇರೂ ಆಟ ಸಾಕು."

"ಶುರು ಆದ್ರ?"

"ಆದ್ರ... ಮತ್ತೆಂದೂ ಆ ಮಾತು ತಗ್ಯಂಗಿಲ್ಲ."

"ಆತು. ರವಿವಾರ ಹನ್ನೊಂದಕ್ಕ ಬರ್ರಿ. ತಡಾ ಮಾಡಬ್ಯಾಡ್ರಿ!"

ಹೊರಡುವಾಗ ಆ ಮಾರ್ತಾಂಡ ಡಬ್ಬಿ ಕಟ್ಟುತ್ತ ಎಡಗಡೆಯಿಂದ ಏನೋ ಕೇಳಿದ. ಅವಳು ಎಂದಿನಂತೆ "ಹ್ಞೂಂ" ಎಂದಳು.

ಆ ಹ್ಞೂಂ ಏನೆಂದು ತಿಳಿದದ್ದು ಗುರುವಾರ ಸಂಜೆ. ಸದಾಶಿವನಗರದ ಅವಳ ಎರಡು ಕೋಣೆಯ ಮನೆಯ ಬಾಗಿಲು ತೆಗೆದರೆ ಅವನೇ ನಿಂತಿದ್ದಾನೆ!

"ನಿಮ್ಮನ್ನ ಯಾರು ಕರದ್ರು?"

"ನೀವ ಅಲ್ರೀ? ಗುರುವಾರ ಹಚ್ಚಾಕ ಬರ್ಲೇನ್ರಿ ಅಂದೆ, ಹ್ಞೂಂ ಅಂದ್ರಿ."

ಅಯ್ಯೋ ನನ್ನ ಹ್ಞೂಂಗಿಷ್ಟು ಬೆಂಕಿ ಹಚ್ಚ! ಈಗ ಕೇಳಿಸಲಿಲ್ಲ ಅನ್ನುವುದೆ? ಸತ್ತರೂ ಇಲ್ಲ.

"ಬರ್ರಿ. ಆದ್ರ ಒಂದಕ್ಕೂ ಕೈ ಹಚ್ಚಬ್ಯಾಡ್ರಿ. ಎಲ್ಲಾ ನಾನ ಮಾಡಾಕಿ."

"ಬಾಯಿ ಹಚ್ಚಬಹುದೇನ್ರಿ?"

"ಕೇಳಿದಾಗಷ್ಟ!"

ಅವನು ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತ. ನೆಲದ ತುಂಬ ಡಬ್ಬಿ, ಥರ್ಮಾಕೋಲು, ಒಣಹಾಕಿದ ಶಾವಿಗೆಯ ಹಾಗೆ ಹರಡಿದ ವೈರು. ಅಲಕಾ ಅಡುಗೆಮನೆಯ ಚಾಕು ತಂದು ವೈರಿನ ತೊಗಟೆ ಸುಲಿಯತೊಡಗಿದಾಗ ಅವನು ಕಣ್ಣು ಮುಚ್ಚಿಕೊಂಡ. ಕೆಂಪು ವೈರನ್ನು ಕಪ್ಪು ತೂತಿಗೆ ತುರುಕಿದಾಗ ಮಾತ್ರ ತಡೆಯಲಾಗಲಿಲ್ಲ.

"ಕೆಂಪು ಕೆಂಪಕ್ಕ ಹೋಗ್ತದರೀ..."

"ಕೇಳಿದ್ನೇನು ನಾ?" ಎಂದಳು. ಆದರೆ ಬಿಚ್ಚಿ ಸರಿಪಡಿಸಿದಳು.

ಮಾತು ಬರುವ ಸ್ಪೀಕರ್ ಟಿವಿಯ ಕೆಳಗೆ ನಡುವೆ. ಎರಡು ಮುಂದೆ, ಎರಡು ಬೆನ್ನ ಹಿಂದೆ. ಅವುಗಳ ಜೊತೆಗೇ ಬಂದ, ಗುಡುಗಿನ ಸದ್ದಿನ ದೊಡ್ಡ ಸಬ್‌ವೂಫರನ್ನು ಅವಳು ಸ್ಟೀಲು ಡಬ್ಬಿಗಳ ಹಲಗೆಯ ಮೇಲೆ ಏರಿಸಹೊರಟಾಗ, "ಅದು ನೆಲದ ಮ್ಯಾಲ ಕುಂದರೂ ಗಿರಾಕಿರೀ" ಎಂದ. ಅವಳಿಗೆ ನಗು ಬಂತು. ಮಾತಿನ ನಡುವೆ ಅವನ ಊರೂ ಖಾನಾಪುರವೇ, ಬಸ್‌ಸ್ಟ್ಯಾಂಡಿನ ಎದುರಿನ ರೇಡಿಯೋ ರಿಪೇರಿ ಅಂಗಡಿಯ ಬಾಳೇಶ ಕಾಕಾ ಇವನ ಅಪ್ಪನೇ ಎಂದು ತಿಳಿಯಿತು. ಚಿಕ್ಕವಳಿದ್ದಾಗ ಆ ಅಂಗಡಿಯ ಕಟ್ಟೆಯ ಮೇಲೆ ಕೂತು ಪೆಪ್ಪರಮೆಂಟು ತಿಂದಿದ್ದಳು ಅವಳು!

ಎಲ್ಲ ಚೆಂದವೇ ಇತ್ತು, ಒಂದನ್ನು ಬಿಟ್ಟು. ಮಾತಾಡಬೇಕೆಂದಾಗಲೆಲ್ಲ ಅವನು ಸುತ್ತು ಹಾಕಿ ಅವಳ ಎಡಕ್ಕೇ ಬರುತ್ತಿದ್ದ. ಅವಳಾಗಿಯೇ ಸ್ಟೂಲನ್ನು ಬಲಕ್ಕೆ ಎಳೆದಿಟ್ಟರೆ, ಪುಣ್ಯಾತ್ಮ ಅದನ್ನು ಎತ್ತಿಕೊಂಡು ಮತ್ತೆ ಎಡಕ್ಕೆ ಬಂದು ಕೂತ.

*ಬೇಕಂತ ಮಾಡ್ತಾನೇನು? ಚ್ಯಾಷ್ಟಿ ಮಾಡ್ತಾನೇನು? ಛೇ... ಮಾರಿ ನೋಡಿದ್ರ ಹಂಗ ಅನಸಂಗಿಲ್ಲ.*

ಸ್ವಿಚ್ ಹಾಕಿದಳು. ಸದ್ದಿಲ್ಲ!

ಅವನು ಏಳಹೋದ. "ಕುಂದರ್ರಿ!" ಎಂದಳು. ಒಂದೊಂದೇ ವೈರು ಹಿಡಿದು ಹೋದಳು. ಟಿವಿಯಿಂದ ಬಂದ ವೈರು ಬೇರೆ ತೂತಿನಲ್ಲಿತ್ತು. ತೆಗೆದು ಸರಿಯಾದದ್ದಕ್ಕೆ ಹಾಕಿದಳು.

ಮರುಕ್ಷಣ ಕೋಣೆಯೊಳಗೆ ರೈಲು ನುಗ್ಗಿತು! ಪರದೆಯ ಮೇಲಿನ ರೈಲಿನ ಗಡಗಡ ಅಂಗಾಲಿನಿಂದ ಹತ್ತಿ ಎದೆಗೂಡಿನೊಳಗೆ ಹೊಕ್ಕಿತು. ಇಪ್ಪತ್ತು ವರ್ಷ ಅರ್ಧ ಲೋಕ ಕೇಳಿದವಳಿಗೆ ಇಡೀ ಮೈಯೇ ಕಿವಿಯಾಯಿತು. ಇದನ್ನು ಹಚ್ಚಿದವಳು ನಾನು... ನಾನೇ! ಕಣ್ಣು ತುಂಬಿ ಬಂತು.

ಅದೇ ಹೊತ್ತಿಗೆ ಎಡಗಡೆ ನಿಂತ ಮಾರ್ತಾಂಡ ಬಾಗಿ ಮೆಲ್ಲಗೆ ಏನೋ ಹೇಳಿದ. ಓರೆಗಣ್ಣಿಗೆ ತುಟಿ ಅಲುಗಿದ್ದಷ್ಟೇ ಕಂಡಿತು.

"ಹ್ಞೂಂ," ಎಂದು ಕಣ್ಣೊರೆಸಿಕೊಂಡು ಅವಳು ಚಹಾ ಮಾಡಲು ಒಳಗೆ ಹೋದಳು.

ಕಪ್ಪು ಹಿಡಿದು ಬಂದಾಗ ಅವನು ರಿಮೋಟ್ ಕೆಳಗಿಡುತ್ತಿದ್ದ. ಮುಖ ದೀಪದ ಹಾಗೆ ಬೆಳಗುತ್ತಿತ್ತು.

"ಸಕ್ರಿ ಕಡಿಮಿ ಆಗೇತಿ. ನಡಿತೈತೇನ್ರಿ?"

"ಇನ್ನ ಮ್ಯಾಲ ನನಗ ಎಲ್ಲಾ ನಡಿತೈತ್ರಿ!"

ಇದೇನು ಈ ಮನುಷ್ಯ ಸಪ್ಪೆ ಚಹಾಕ್ಕೆ ಇಷ್ಟು ಹಿಗ್ಗುತ್ತಾನೆ! ಆದರೂ ಅವನು ಹೋದ ಮೇಲೆ ಕೋಣೆ ಬಿಕೋ ಅನ್ನಿಸಿತು. ಮನಸ್ಸು ಜಾರುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಜಾರಲಿ ಬಿಡು ಎಂದುಕೊಂಡಳು. ಇನ್ನು ಹಚ್ಚುವುದು ಅಣ್ಣನ ಮುಂದೆಯೇ ಎಂದು ಸ್ಪೀಕರುಗಳನ್ನು ಬಂದ್ ಮಾಡಿಟ್ಟು, ರವಿವಾರಕ್ಕೆ ಅವನನ್ನೂ ಕರೆದಳು.

ರವಿವಾರ ಹನ್ನೊಂದಕ್ಕೆ ಸರಿಯಾಗಿ ಅಣ್ಣ, ವೈನಿ ಬಂದರು. ಮಾರ್ತಾಂಡನೂ ಬಂದ, ಮತ್ತೆ ಅವಳ ಎಡಕ್ಕೇ ಕೂತ. ಸಿನಿಮಾ ಶುರುವಾಯಿತು. ಅಣ್ಣ ಸೋತ ಮುಖ ಮಾಡಿದ. ಆದರೆ...

ಒಂದು ಜೋಕಿಗೆ ಎಲ್ಲರೂ ಹೋ ಎಂದು ನಕ್ಕರು. ಅವಳಿಗೆ ಮಾತೇ ಕೇಳಿಸಲಿಲ್ಲ! ಎಡದ ಸ್ಪೀಕರಿನ ಅಬ್ಬರದಲ್ಲಿ ಎಲ್ಲ ಮುಳುಗಿಹೋಗಿತ್ತು, ಬಲದಿಂದ ಬರೀ ಪಿಸುಪಿಸು. ಅವಳು ತಡವಾಗಿ ನಕ್ಕದ್ದನ್ನು ಅಣ್ಣ ನೋಡಿಬಿಟ್ಟ.

"ನೋಡ್ದಿ? ಐದು ಹಚ್ಚಿದ್ರೂ ಅಷ್ಟ, ಐವತ್ತು ಹಚ್ಚಿದ್ರೂ ಅಷ್ಟ!"

ಅಲಕಾ ರಿಮೋಟ್ ಎತ್ತಿ ಸೆಟ್ಟಿಂಗ್ ತೆರೆದಳು. ಎಡದ ಸ್ಪೀಕರುಗಳನ್ನು ಯಾರೋ ಪೂರ್ತಿ ಏರಿಸಿದ್ದಾರೆ, ಬಲದವನ್ನು ಇಳಿಸಿದ್ದಾರೆ!

"ಯಾರು ಮಾಡಿದ್ದಿದು?"

"ನಾನರೀ," ಎಂದ ಮಾರ್ತಾಂಡ ಗಾಬರಿಯಾಗಿ. "ನಿಮ್ಮ ಕಿವಿಗೆ ಅನುಕೂಲ ಆಗ್ಲಿ ಅಂತ..."

ಅನುಕೂಲ! ಸತ್ತ ಕಿವಿಗೆ! ಗುರುವಾರದಿಂದ ಸುತ್ತಿ ಸುತ್ತಿ ಆ ಕಡೆಗೇ ಬಂದು ಕೂತದ್ದು, ಪಿಸುಗುಟ್ಟಿದ್ದು, ನಕ್ಕದ್ದು... ಎಲ್ಲ ಒಮ್ಮೆಲೇ ಅವಳ ಕಣ್ಣಮುಂದೆ ಬಂತು. ಇವನೂ ಅದೇ ಸಾಲಿಯ ಹುಡುಗರ ಜಾತಿಯವನೇ!

"ನನ್ನ ಮನ್ಯಾಗ ಬಂದು, ನನ್ನ ಚಹಾ ಕುಡದು, ನನಗ ಚ್ಯಾಷ್ಟಿ ಮಾಡ್ತೀರೇನು? ಏಳ್ರಿ! ಹೊರಗ ನಡೀರಿ!"

"ಅಲಕಾ ಅವರ, ನೀವ ಹ್ಞೂಂ ಅಂದಿದ್ರಿ..."

"ನಡೀರಿ!"

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ಅವಳು ಬಾಗಿಲು ಹಾಕಿ ಬಂದು, ಎಡವನ್ನು ಇಳಿಸಿದಳು, ಬಲವನ್ನು ಏರಿಸಿದಳು, ಸಿನಿಮಾವನ್ನು ಮೊದಲಿನಿಂದ ಹಚ್ಚಿದಳು. ಅದೇ ಜೋಕು ಬಂದಾಗ ಎಲ್ಲರಿಗಿಂತ ಮೊದಲು ನಕ್ಕು, ಅಣ್ಣನತ್ತ ತಿರುಗಿ ಅಕ್ಷರ ಬಿಡದೆ ಒಪ್ಪಿಸಿದಳು.

"ಇನ್ನೂ ಏನರ ಹೇಳೂದೈತೇನು ಅಣ್ಣಾ?"

"ಸೋತ್ರೀ!" ಎಂದು ಗಂಡನ ಬೆನ್ನಿಗೆ ಗುದ್ದಿದವಳು ವೈನಿ ಸಾಕ್ಷಿ! "ಆಕಿ ಎಲ್ಲಿ ಇರ್ತಾಳೋ ಅಲ್ಲಿ ಇರ್ಲಿ ಬಿಡ್ರಿ."

ಶಶಿಧರ ತಲೆ ಕೆರೆದುಕೊಂಡು, "ಆತವ್ವಾ, ಗೆದ್ದಿ" ಎಂದ.

ಗೆದ್ದಿದ್ದಳು. ಅವರು ಹೋದ ಮೇಲೆ ಐದೂ ಸ್ಪೀಕರ್ ಬಂದ್ ಮಾಡಿ ಹೊಟ್ಟೆ ತುಂಬ ಅತ್ತಳು.

ಸೋಮವಾರ ಆಟೋ ನಗರದ ಫೌಂಡ್ರಿಯಲ್ಲಿ ಅವಳ ಕೈ ನಡೆಯಲಿಲ್ಲ. ಎರಕ ಹೊಯ್ದ ಭಾಗಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ಒಳಗೆ ಬಿರುಕಿದೆಯೋ ಇಲ್ಲವೋ ನಾದದಿಂದಲೇ ಹೇಳುವುದು ಅವಳ ಕೆಲಸ. ಆ ಒಂದು ಕಿವಿಯ ಮೇಲೆ ಇಡೀ ಫೌಂಡ್ರಿಗೆ ನಂಬಿಕೆ. ಇವತ್ತು ಎಲ್ಲವೂ ಬಿರುಕು ಬಿಟ್ಟ ಹಾಗೇ ಕೇಳುತ್ತಿತ್ತು.

"ಕ್ಯಾ ಹುವಾ ಬೇಟಿ?" ಎಂದ ಗ್ರೈಂಡಿಂಗ್ ವಿಭಾಗದ ಮಜೀದ ಚಾಚಾ, ಬಾಯಿ ತುಂಬ ಎಲೆ ಅಡಿಕೆ ಜಗಿಯುತ್ತ. "ಆ ಸ್ಪೀಕರ್ ಹುಡುಗ ಛಲೋ ಹಚ್ಚಿಕೊಟ್ಟನಿಲ್ಲೋ? ಅಗದಿ ಒಳ್ಳೇ ಮನಶ್ಯಾ."

"ನಿಮಗ ಹೆಂಗ ಗೊತ್ತು ಚಾಚಾ?"

"ಹ್ವಾದ ವಾರ ನಿನಗ ಫೋನ್ ಮಾಡಿದ್ದ. ನೀ ಒಳಗಿದ್ದಿ, ನಾ ಎತ್ತಿದೆ. ಮೇಡಮ್ಮಾರಿಗೆ ಯಾವ ಕಿವಿ ಕೇಳತೈತ್ರಿ ಅಂತ ಕೇಳಿದ. ಅವರಿಗೆ ತ್ರಾಸ ಆಗಬಾರದು, ಆ ಬಾಜೂಕ ನಿಂತ ಮಾತಾಡ್ತೇನಿ ಅಂದ."

ಅಲಕಾಳ ಸುತ್ತಿಗೆ ಗಾಳಿಯಲ್ಲೇ ನಿಂತಿತು. "ನೀವೇನಂದ್ರಿ?"

"ಡಾವಾಂ!"

"ಏ... ಚಾಚಾ! ನನ್ನ ಬಲಗಿವಿ ಅಲ್ಲೇನು ಕೇಳೂದು?"

"ಅದನ್ನ ಅಂದೆ ಬೇಟಿ!" ಚಾಚಾ ಹೊರಗೆ ಹೋಗಿ ಉಗುಳಿ ಬಂದು, ಬಾಯಿ ಒರೆಸಿಕೊಂಡು ಮತ್ತೆ ಹೇಳಿದ. "ದಾಯಾಂ. ದಾಯಾಂ ಅಂದ್ರ ಬಲಾನ ಅಲ್ಲ?"

ಚಾಚಾನ ಉರ್ದುವಿನಲ್ಲಿ ದಾಯಾಂ ಅಂದರೆ ಬಲ. ಆದರೆ ಅವನ ಬಾಯಲ್ಲಿ ಎಲೆ ಅಡಿಕೆ, ಫೋನಿನ ಹಿಂದೆ ಗ್ರೈಂಡಿಂಗಿನ ಗದ್ದಲ, ಆ ಕಡೆ ಕೇಳುತ್ತಿದ್ದವನು ಅರ್ಧ ಕನ್ನಡ ಅರ್ಧ ಮರಾಠಿಯ ಖಾನಾಪುರದವನು. ಮರಾಠಿಯಲ್ಲಿ ಡಾವಾ ಅಂದರೆ ಎಡ!

ಅಯ್ಯೋ ದೇವರೇ... ಚೆನ್ನಾಗಿ ಕೇಳುವ ಕಿವಿ ಅಂತಲೇ ಆ ಪುಣ್ಯಾತ್ಮ ಸ್ಟೂಲು ಹೊತ್ತುಕೊಂಡು ಸುತ್ತಿದ್ದ! ಅನುಕೂಲ ಆಗಲಿ ಅಂತಲೇ ಎಡವನ್ನು ಏರಿಸಿದ್ದ! ಈ ಕಿವಿ ಅಲ್ಲ, ಆ ಕಿವಿ ಅನ್ನುವ ಒಂದು ಮಾತು ಆಡಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ? ಆಡಲಿಲ್ಲ. ಅಭಿಮಾನ ಅಡ್ಡ ಬಂತು.

ಅರ್ಧ ದಿನ ರಜೆ ಬರೆದುಕೊಟ್ಟು ಅವಳು ಖಾನಾಪುರದ ಬಸ್ಸು ಹತ್ತಿದಳು.

ಸೋಮವಾರ ಅವನ ಅಂಗಡಿಗೆ ರಜೆ. ಬಾಳೇಶ ಕಾಕಾನ ರಿಪೇರಿ ಅಂಗಡಿಯಲ್ಲಿ ಮಾರ್ತಾಂಡ ಒಬ್ಬನೇ ಒಂದು ಹಳೆಯ ರೇಡಿಯೋ ಬಿಚ್ಚಿ ಕೂತಿದ್ದ. ಅವಳನ್ನು ನೋಡಿ ಎದ್ದ. ಮುಖ ಬಾಡಿತ್ತು. ಆದರೂ ಮಾತಾಡುವ ಮೊದಲು, ಕೌಂಟರು ಸುತ್ತಿ ಬಂದು ಅವಳ ಎಡಕ್ಕೇ ನಿಂತ!

ಅವಳಿಗೆ ಅಳುವೂ ಬಂತು, ನಗುವೂ ಬಂತು. ಅವನ ತೋಳು ಹಿಡಿದು ಗರ್ರನೆ ಎಳೆದು ತನ್ನ ಬಲಕ್ಕೆ ನಿಲ್ಲಿಸಿಕೊಂಡಳು.

"ಡಾವಾ ಅಲ್ರೀ, ದಾಯಾಂ! ಈ ಎಡಗಿವಿ ನನಗ ಕೇಳಂಗಿಲ್ಲ. ಇಲ್ಲೀತನಕ ಯಾರಿಗೂ ನಾನಾಗಿ ಹೇಳಿಲ್ಲ, ಈಗ ನಿಮಗ ಹೇಳಾಕತ್ತೇನಿ. ಕೇಳಂಗಿಲ್ಲ!"

ಅವನು ಅವಳ ಎಡಗಿವಿಯನ್ನೊಮ್ಮೆ, ಬಲಗಿವಿಯನ್ನೊಮ್ಮೆ ನೋಡಿದ.

"ಹಂಗಾರ... ಗುರುವಾರ ನಾ ಹೇಳಿದ್ದು?"

"ಒಂದಕ್ಷರ ಕೇಳಿಲ್ಲ."

"ಮತ್ತ ಹ್ಞೂಂ ಅಂದ್ರಿ?"

"ಕೇಳ್ದಿದ್ದಕ್ಕೆಲ್ಲಾ ನಾ ಹ್ಞೂಂ ಅನ್ನಾಕಿ."

"ಅಯ್ಯ ಶಿವನ!" ಅವನು ತಲೆ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಸಿದ. "ನಾ ನಮ್ಮವ್ವಗ ಹೇಳಿಬಿಟ್ಟೇನ್ರಿ! ಹುಡುಗಿ ಒಪ್ಯಾಳ ಅಂತ ಆಕಿ ಓಣಿಗೆಲ್ಲಾ ಪೇಡೆ ಹಂಚ್ಯಾಳ!"

ಅಲಕಾಳ ಕೆನ್ನೆ ಕೆಂಪಾಯಿತು. ಆದರೂ ಗಲ್ಲ ಇಳಿಸಲಿಲ್ಲ.

"ಆ ಹ್ಞೂಂ ನಡೆಯಂಗಿಲ್ಲ. ನನಗ ಗೊತ್ತಿಲ್ದ ನನ್ನ ಬಾಯಿಂದ ಬಂದದ್ದು. ಮತ್ತೊಮ್ಮೆ ಕೇಳ್ರಿ. ಈ ಬಾಜೂಕ."

ಅವನು ಎದ್ದ. ಹೊರಗೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಅವಳ ಬಲಗಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದ.

"ನಿಮ್ಮ ಜೋಡಿ ಹಿಂಗ ಜೀವನಪೂರ್ತಿ ಬಾಜೂಕ ಕುಂದರಬೇಕು ಅನಸ್ತೈತ್ರಿ. ಕೈ ಹಚ್ಚಬ್ಯಾಡ ಅಂದ್ರ ಹಚ್ಚಂಗಿಲ್ಲ. ಕುಂದರ್ಲೇನ್ರಿ?"

ಅವಳು ಹ್ಞೂಂ ಅನ್ನಲಿಲ್ಲ. ಇಪ್ಪತ್ತು ವರ್ಷ ಬಾಯಿಗೆ ತಾರದ ಶಬ್ದವೊಂದು ತಾನಾಗಿ ಬಂತು.

"ಏನು?"

ಅವನು ನಗಲಿಲ್ಲ. ಮೊದಲಿನಿಂದ, ಒಂದಕ್ಷರ ಬಿಡದೆ, ಇನ್ನಷ್ಟು ಮೆಲ್ಲಗೆ ಹೇಳಿದ.

"ಈಗ ಕೇಳಿಸ್ತೇನ್ರಿ?"

"ಮೊದಲನೇ ಸಲಾನೂ ಕೇಳಿಸಿತ್ತು," ಎಂದಳು ಅಲಕಾ ಕಣ್ಣೊರೆಸಿಕೊಳ್ಳುತ್ತ. "ಕುಂದರ್ರಿ."